ಇದು ನಿಮ್ಮ ಪರೀಕ್ಷೆ ಅಲ್ಲ

ಚಾಳೀಸಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬೀದಿಯಲ್ಲಿ ನಲವತ್ತು ದಾಟಿದವರಿಗೆಲ್ಲ ಚಾಳೀಸು ಎಂಬ ಓದುವ ಕನ್ನಡಕ ಮಾಡಿಕೊಟ್ಟು ಮಾಡಿಕೊಟ್ಟು ಸಂಪಾದಿಸಿದ ಬಿರುದು. ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲಿತ್ತು. ಬೋರ್ಡಿನ ಬಣ್ಣ ಹಾರಿಹೋಗಿ ಬಹಳ ಕಾಲವಾಗಿತ್ತು. ಅದನ್ನು ಓದಲಾಗುವುದಿಲ್ಲ ಎಂದು ಯಾರಾದರೂ ದೂರಿದರೆ ಚಾಳೀಸಪ್ಪ ಅವರನ್ನು ಒಳಗೆ ಕರೆದು ಕೂರಿಸಿ ಕಣ್ಣು ಪರೀಕ್ಷೆ ಮಾಡುತ್ತಿದ್ದ.

ಸಾಧು ಮನುಷ್ಯ. ಆದರೆ ಒಂದು ವಿಷಯ ಬಂದರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಗೋಡೆಗೆ ತೂಗುಹಾಕಿದ ಅಕ್ಷರದ ಚಾರ್ಟನ್ನು ಗಿರಾಕಿಗಳು ಬಾಯಿಪಾಠ ಮಾಡಿಬಿಡುತ್ತಿದ್ದರು. ಬೆಂಚಿನ ಮೇಲೆ ಕಾಯುತ್ತ ಕುಳಿತಾಗ ಮುಂದಿನವನು ಓದುವುದಕ್ಕೆ ಕಿವಿಗೊಟ್ಟು, ತಮ್ಮ ಸರದಿ ಬಂದಾಗ ಮೇಲಿನ ದಪ್ಪ ಅಕ್ಷರದಿಂದ ಕೊನೆಯ ಇರುವೆ ಸಾಲಿನವರೆಗೆ ಗಡಗಡನೆ ಒಪ್ಪಿಸುತ್ತಿದ್ದರು. ಲಾರಿ ಓಡಿಸುವವನೊಬ್ಬ ಹೀಗೇ ಒಂದಕ್ಷರ ತಪ್ಪದೆ ಒಪ್ಪಿಸಿ, ಕುರ್ಚಿಯಿಂದ ಇಳಿದು ಹೊರಟವನು ಬಾಗಿಲೆಂದುಕೊಂಡು ನಿಲುವುಗನ್ನಡಿಗೆ ಹಣೆ ಕುಟ್ಟಿಕೊಂಡಿದ್ದ.

"ಸ್ವಾಮಿ, ಇದು ನಿಮ್ಮ ಪರೀಕ್ಷೆ ಅಲ್ಲ," ಎಂದು ಚಾಳೀಸಪ್ಪ ಆಗ ಶುರು ಮಾಡುತ್ತಿದ್ದ. "ಇದು ಗಾಜಿನ ಪರೀಕ್ಷೆ. ಕಾಣಲ್ಲ ಅಂದ್ರೆ ನಿಮ್ಮ ಮಾನವೇನೂ ಹೋಗಲ್ಲ. ಎಲ್ಲಿ ಕಾಣಲ್ಲ ಅನ್ನೋದೇ ನನಗೆ ಬೇಕಾಗಿರೋದು. ಕಾಣೋದನ್ನ ತಗೊಂಡು ನಾನೇನು ಮಾಡ್ಲಿ?"

ಇಂಥವರಿಗಾಗಿಯೇ ಚಾರ್ಟಿನ ಹಿಂಬದಿಯಲ್ಲಿ ಬೇರೆ ಅಕ್ಷರಗಳನ್ನು ಬರೆಸಿಟ್ಟಿದ್ದ. ಯಾರ ನಾಲಿಗೆ ತೀರ ಸರಾಗವಾಗಿ ಓಡುತ್ತದೋ ಅವರ ಎದುರು ಸದ್ದಿಲ್ಲದೆ ಅದನ್ನು ತಿರುವಿಬಿಡುವುದು. ಆಮೇಲಿನ ಮುಖಗಳನ್ನು ನೋಡಿ, ಮೂಲೆಯ ಸ್ಟೂಲಿನ ಮೇಲೆ ಕುಳಿತ ಅಕ್ಕ ತಲೆ ತಗ್ಗಿಸಿ ನಗು ನುಂಗಿಕೊಳ್ಳುತ್ತಿದ್ದಳು.

ಈ ಅಕ್ಕ ಚಾಳೀಸಪ್ಪನನ್ನು ತಾಯಿ ಹೋದ ಮೇಲೆ ಸಾಕಿದವಳು. ದರ್ಜಿಗಳು ಹೊಲಿದ ಅಂಗಿಗಳಿಗೆ ಗುಂಡಿಯ ಕಾಜಾ ಹಾಕಿ ಅವನನ್ನು ಓದಿಸಿದವಳು. ತಲೆ ಬೆಳ್ಳಗಾದರೂ ಕಾಜಾ ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಬೆಳಕು ಚೆನ್ನಾಗಿದೆ ಎಂಬ ನೆವದಿಂದ ದಿನವೂ ಬಂದು ಅಲ್ಲೇ ಕೂರುತ್ತಿದ್ದಳು. ಇತ್ತೀಚೆಗೆ ಸೂಜಿಯನ್ನೂ ದಾರವನ್ನೂ ತಮ್ಮನ ಕೈಗೆ ಕೊಟ್ಟು, "ಪೋಣಿಸಿ ಕೊಡೋ, ಎಡಗಣ್ಣು ಯಾಕೋ ಮಬ್ಬು," ಎನ್ನತೊಡಗಿದ್ದಳು. ಚಾಳೀಸಪ್ಪ ಬೇರೆಬೇರೆ ಗಾಜು ಹಾಕಿ ನೋಡಿದ. ಪ್ರಯೋಜನವಾಗಲಿಲ್ಲ.

"ಇದು ಗಾಜಿನ ಕೆಲಸ ಅಲ್ಲಕ್ಕ. ದೊಡ್ಡಾಸ್ಪತ್ರೆ ಕಣ್ಣಿನ ಡಾಕ್ಟರಿಗೆ ತೋರಿಸ್ಬೇಕು. ತಡ ಮಾಡ್ಬೇಡ."

"ಅಲ್ಲಿ ಅದೇನೋ ಸರದಿ ಚೀಟಿ ಕೊಡೋ ಟೋಕನ್ ಯಂತ್ರ ಬರುತ್ತಂತಲ್ಲ. ಅದು ಬರ್ಲಿ. ಸಾಲಲ್ಲಿ ನಿಲ್ಲೋಕೆ ನನ್ನ ಮಂಡಿ ಕೇಳಲ್ಲ," ಎಂದಳು ಅಕ್ಕ.

ಆ ಯಂತ್ರ ಮಾಡುವ ಕಂಪನಿಯ ಹುಡುಗಿಯೊಬ್ಬಳು ಕನ್ನಡಕದ ಮುರಿದ ಕಡ್ಡಿ ಹಿಡಿದು ಅದೇ ವಾರ ಅಂಗಡಿಗೆ ಬಂದಳು. ಯಂತ್ರದ ಪರದೆಯ ಮೇಲೆ ಏನೇನು ಎಲ್ಲೆಲ್ಲಿರಬೇಕು, ಯಾವುದನ್ನು ಒತ್ತಿದರೆ ಏನಾಗಬೇಕು ಎಂಬುದನ್ನು ಯೋಚಿಸುವುದೇ ಅವಳ ಕೆಲಸವಂತೆ. ಇಂಥದ್ದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಚಾಳೀಸಪ್ಪ ಕಡ್ಡಿಯ ಸ್ಕ್ರೂ ಬಿಗಿಯುತ್ತ ಬೆರಗಾದ. ಹುಡುಗಿ ಅವನನ್ನೂ ಅಂಗಡಿಯನ್ನೂ ಗೋಡೆಯ ಹಳೇ ಗಡಿಯಾರವನ್ನೂ ಒಮ್ಮೆ ನೋಡಿ, "ಸರ್, ನಮ್ಮ ಯಂತ್ರ ಪರೀಕ್ಷೆ ಮಾಡೋಕೆ ನಿಮ್ಮಂಥವರೇ ಬೇಕು. ಒಂದರ್ಧ ದಿನ ಬರ್ತೀರಾ?" ಎಂದಳು.

ಯಂತ್ರವೆಂದರೆ ದೂರ ನಿಲ್ಲುವ ಸಾಮಾನ್ಯ ಮನುಷ್ಯ ಬೇಕು ಎಂಬುದು ಅವಳ ಅರ್ಥ. ಆ ಅರ್ಥವನ್ನು ಅವಳು ವಿವರಿಸಿಯೂ ಹೇಳಿದಳು. ಆದರೆ 'ಪರೀಕ್ಷೆ', 'ನಿಮ್ಮಂಥವರೇ ಬೇಕು' ಎಂಬೆರಡು ಮಾತು ಕಿವಿಗೆ ಬಿದ್ದ ಮೇಲೆ ಚಾಳೀಸಪ್ಪನಿಗೆ ಬೇರೇನೂ ಕೇಳಿಸಲಿಲ್ಲ.

ಸಂಜೆಯ ಹೊತ್ತಿಗೆ ಮನೆಯಲ್ಲಿ ಅದು, ಊರೆಲ್ಲ ಜಾಲಾಡಿ ಒಬ್ಬನನ್ನು ಆರಿಸಿದ್ದಾರೆ ಎಂದಾಯಿತು. ಹೆಂಡತಿಯ ಬಾಯಿಂದ ಪಕ್ಕದ ಮನೆಗೆ ದಾಟುವಾಗ ಆಸ್ಪತ್ರೆಯವರೇ ಕಾರು ಕಳಿಸುತ್ತಾರೆ ಎಂಬುದೂ ಸೇರಿತು. ಪಕ್ಕದ ಮನೆಯಲ್ಲಿದ್ದವರು ಲೆಕ್ಕದ ಮೇಷ್ಟ್ರು. ನಿವೃತ್ತರಾಗಿ ವರ್ಷಗಳಾದರೂ, ಯಾರಾದರೂ ಪರೀಕ್ಷೆ ಎಂದು ಪಿಸುಗುಟ್ಟಿದರೆ ಸಾಕು, ಎರಡು ಕಾಂಪೌಂಡು ಆಚೆಯಿಂದ ಎದ್ದು ಬರುವವರು.

"ತಯಾರಿ ಎಲ್ಲಿಗೆ ಬಂತು?" ಎಂದು ಬಾಗಿಲಲ್ಲೇ ಕೇಳಿದರು.

"ತಯಾರಿ ಏನು ಮೇಷ್ಟ್ರೇ? ಬಂದು ಮುಟ್ಟಿ ನೋಡಿ ಅಂದಿದ್ದಾರೆ ಅಷ್ಟೆ."

"ಮುಟ್ಟಿ ನೋಡೋಕೆ ಯಾರಾದ್ರೂ ಪರೀಕ್ಷೆ ಅಂತಾರೇನ್ರಿ? ಅಲ್ಲಿ ಹೋಗಿ ಬೆಬ್ಬೆಬ್ಬೆ ಅಂದ್ರೆ ಬೀದಿ ಮಾನ ಹೋಗುತ್ತೆ."

ಬೀದಿಯ ಮಾನ ತನ್ನ ಬೆರಳ ತುದಿಯಲ್ಲಿದೆ ಎಂಬುದು ಚಾಳೀಸಪ್ಪನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಊಟ ಸೇರಲಿಲ್ಲ. ಹೆಂಡತಿಯ ತಮ್ಮ ದೊಡ್ಡಾಸ್ಪತ್ರೆಯಲ್ಲೇ ಎಲೆಕ್ಟ್ರಿಷಿಯನ್ ಆಗಿದ್ದ. ಯಂತ್ರವೊಂದು ಆಗಲೇ ಬಂದು, ಹೊರರೋಗಿ ವಿಭಾಗದ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದೆ ಎಂದು ಅವನು ಹೇಳಿದ. ಭಾನುವಾರ ಅಲ್ಲಿ ಯಾರೂ ಇರುವುದಿಲ್ಲ. ಭಾವನಿಗೆ ಇಷ್ಟೂ ಮಾಡದಿದ್ದರೆ ಹೇಗೆ ಎಂದು ಅವನೇ ಬಟ್ಟೆ ಸರಿಸಿ, ಪ್ಲಗ್ಗು ಹಾಕಿ ಕೊಟ್ಟ.

ಚಾಳೀಸಪ್ಪ, ಜೊತೆಗೆ ಬಂದ ಮೇಷ್ಟ್ರು, ಭಾವಮೈದ, ಮೂವರೂ ಯಂತ್ರದ ಮುಂದೆ ಗಂಭೀರವಾಗಿ ನಿಂತರು. ಪರದೆಯ ಮೇಲೆ ವಿಭಾಗಗಳ ಹೆಸರುಗಳು ಬಂದವು. ಕಣ್ಣು ಎಂಬುದನ್ನು ಮುಟ್ಟಿದ್ದಾಯಿತು. ಮುಂದೆ ಏನು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಬಹಳ ಹೊತ್ತು ಒದ್ದಾಡಿದ ಮೇಲೆ, ಯಂತ್ರ ಕೂರಿಸಲು ಬಂದವನು ಪುಟವನ್ನು ಬೆರಳಲ್ಲಿ ಪಕ್ಕಕ್ಕೆ ಎಳೆದದ್ದು ಭಾವಮೈದನಿಗೆ ನೆನಪಾಯಿತು. ಎಳೆದರು. 'ಮುಗಿಸಿ' ಎಂಬ ದುಂಡುದುಂಡಾದ ಹಸಿರು ಗುಂಡಿಯೊಂದು ಬಂತು. ಮೇಷ್ಟ್ರು ಸಂತೋಷದಿಂದ ಅದನ್ನು ಒತ್ತಿದರು. 'ಧನ್ಯವಾದಗಳು' ಎಂದಿತು ಯಂತ್ರ. ಚೀಟಿ ಬರಲಿಲ್ಲ. ಮತ್ತೆ ಒತ್ತಿದರು. ಮತ್ತೆ ಧನ್ಯವಾದಗಳು. ಕೊನೆಗೆ ಚಾಳೀಸಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಾಗ, ಬಿಳಿಯ ಮೇಲೆ ಬಿಳಿಚಿದ ಬೂದು ಬಣ್ಣದಲ್ಲಿ, ಇದ್ದೂ ಇಲ್ಲದಂತೆ, 'ಟೋಕನ್ ಪಡೆಯಿರಿ' ಎಂಬ ಅಕ್ಷರಗಳು ಸಿಕ್ಕವು.

"ಇದೇನು ಭಾವ, ಬೇಕಾಗಿರೋದನ್ನೇ ಬಚ್ಚಿಟ್ಟಿದ್ದಾರೆ," ಎಂದ ಭಾವಮೈದ.

ಆ ಮಾತನ್ನು ಆಗಲೇ ಯಾರಾದರೂ ಬರೆದುಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಷ್ಟ್ರು ನಕ್ಕುಬಿಟ್ಟರು. "ಅದು ಬಲೆ ಕಣಯ್ಯ. ಪ್ರಶ್ನೆಪತ್ರಿಕೇಲಿ ನಾನೂ ಹೀಗೇ ಇಡ್ತಿದ್ದೆ. ಗಮನ ಇರೋನು ಪಾಸು, ಇಲ್ಲದೋನು ಡುಮ್ಕಿ." ಅಲ್ಲೇ ನಿಂತು ಒಂದು ಮಗ್ಗಿಯನ್ನೂ ಕಟ್ಟಿದರು. ಮುಟ್ಟು, ಎಳೆ, ಹಸಿರು ಬಿಡು, ಬೂದು ಒತ್ತು. ಚಾಳೀಸಪ್ಪ ಅದನ್ನು ಸ್ನಾನ ಮಾಡುವಾಗ ಹೇಳಿಕೊಂಡ, ಗಾಜು ಉಜ್ಜುವಾಗ ಹೇಳಿಕೊಂಡ. ನಿದ್ದೆಯಲ್ಲಿ ಅವನು ಎಳೆದ ರಭಸಕ್ಕೆ ಹೆಂಡತಿಯ ಹೊದಿಕೆ ನೆಲಕ್ಕೆ ಬಿತ್ತು.

ಪರೀಕ್ಷೆಯ ದಿನ ಕಾರು ಬರಲಿಲ್ಲ. ಬಸ್ಸಿನಲ್ಲಿ ಹೋದ. ಕಂಪನಿಯಲ್ಲಿ ಆ ಹುಡುಗಿ, ಅವಳ ಮೇಲಿನ ಗಡ್ಡದ ಸಾಹೇಬರು, ಒಂದು ಯಂತ್ರ, ಯಂತ್ರದ ತಲೆಯ ಮೇಲೊಂದು ಕ್ಯಾಮೆರಾ. ಕರೆದಿದ್ದ ಇತರರಲ್ಲಿ ಒಬ್ಬರಿಗೆ ಹೊಟ್ಟೆನೋವು, ಇನ್ನೊಬ್ಬರಿಗೆ ನೆಂಟರು. ಪರೀಕ್ಷೆ ಎಂದರೆ ಯಾರಿಗೆ ತಾನೇ ನೆಂಟರು ಬರುವುದಿಲ್ಲ?

ಹುಡುಗಿ ಕುರ್ಚಿ ಎಳೆದು ಕೂರಿಸಿ ಮೃದುವಾಗಿ ಹೇಳಿದಳು: "ಗಾಬರಿ ಆಗ್ಬೇಡಿ ಸರ್. ಇದು ನಿಮ್ಮ ಪರೀಕ್ಷೆ ಅಲ್ಲ, ಯಂತ್ರದ ಪರೀಕ್ಷೆ. ಎಲ್ಲಿ ಗೊತ್ತಾಗಲ್ವೋ ಅಲ್ಲಿ ಗೊತ್ತಾಗ್ಲಿಲ್ಲ ಅಂತ ಹೇಳಿ. ನಮಗೆ ಬೇಕಾಗಿರೋದೇ ಅದು."

ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಚಾಳೀಸಪ್ಪನಿಗೆ ಒಂದು ಗಳಿಗೆ ಅನಿಸಿತು. ಎಲ್ಲಿ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ, ಮಗ್ಗಿ ಮರೆತುಹೋದೀತು. ಧೈರ್ಯ ಹೇಳುವುದು ಪರೀಕ್ಷಕರ ವಾಡಿಕೆ ಎಂದು ತಿಳಿದವನಂತೆ ನಸುನಕ್ಕ. ಮುಟ್ಟಿದ, ಎಳೆದ, ಹಸಿರು ಬಿಟ್ಟ, ಬೂದು ಒತ್ತಿದ. ಚೀಟಿ ಟರ್‍ರೆಂದು ಹೊರಗೆ ಬಂತು. ಸಾಹೇಬರ ಚಹಾ ಇನ್ನೂ ತುಟಿಗೆ ತಲುಪಿರಲಿಲ್ಲ.

"ನೋಡಿದ್ರಾ?" ಎಂದರು ಸಾಹೇಬರು ಹುಡುಗಿಯ ಕಡೆ ತಿರುಗಿ. "ಆ ಬೂದು ಬಣ್ಣ ಯಾರಿಗೂ ಕಾಣಲ್ಲ ಅಂತ ತಿಂಗಳಿಂದ ನನ್ನ ಜೊತೆ ಜಗಳ ಆಡಿದ್ರಲ್ಲ. ಇವರಿಗೆ ಕಂಡಿತಲ್ಲ."

"ಸರ್, ನಿಮಗೆ ಎಲ್ಲೂ ಕಷ್ಟ ಆಗ್ಲಿಲ್ವಾ?" ಎಂದು ಹುಡುಗಿ ಕೇಳಿದಳು. ಅವಳ ದನಿಯಲ್ಲಿ ಬೇಡಿಕೆಯಂಥದ್ದೇನೋ ಇತ್ತು. "ಸ್ವಲ್ಪವೂ?"

"ನೀರು ಕುಡಿದ ಹಾಗೆ," ಎಂದ ಚಾಳೀಸಪ್ಪ.

ಹುಡುಗಿಯ ಮುಖ ಬಾಡಿತು. ತನ್ನ ಜಾಣತನ ಕಂಡು ಬೆಚ್ಚಿರಬೇಕು ಎಂದುಕೊಂಡು ಅವನು ಬಸ್ಸು ಹತ್ತಿದ.

ಮುಂದಿನದೆಲ್ಲ ಸಂಭ್ರಮ. ಆಸ್ಪತ್ರೆಯ ಬಾಗಿಲಲ್ಲಿ ಯಂತ್ರಗಳು ಸಾಲಾಗಿ ನಿಂತವು. ಪ್ರತಿಯೊಂದರ ಪಕ್ಕದಲ್ಲೂ ಆಳೆತ್ತರದ ಪೋಸ್ಟರಿನಲ್ಲಿ ಚಾಳೀಸಪ್ಪ, ಹೆಬ್ಬೆರಳು ಎತ್ತಿ ನಗುತ್ತ ನಿಂತಿದ್ದ. 'ಎಷ್ಟು ಸುಲಭ. ನಾನೇ ಮಾಡಿದೆ, ನೀವೂ ಮಾಡಿ,' ಎಂದು ಕೆಳಗೆ ಬರೆದಿತ್ತು. ಹೆಂಡತಿ ಕಾಯಿಲೆ ಇಲ್ಲದಿದ್ದರೂ ಬಳಗವನ್ನೆಲ್ಲ ಕರೆದೊಯ್ದು ತೋರಿಸಿಕೊಂಡು ಬಂದಳು. ಬೀದಿಯಲ್ಲಿ ಯಾರ ಫೋನು ಕೆಟ್ಟರೂ, ಯಾರ ಟೀವಿಯಲ್ಲಿ ಮಾತು ನಿಂತರೂ ಚಾಳೀಸಪ್ಪನಿಗೇ ಕರೆ. ಅವನು ಹೋಗಿ, ಕೈಕಟ್ಟಿ ನೋಡಿ, "ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎಂದು ಹೇಳಿ ಬರುತ್ತಿದ್ದ. ಹತ್ತರಲ್ಲಿ ಎಂಟು ಸರಿಹೋಗುತ್ತಿದ್ದವು. ಕೀರ್ತಿ ಬೆಳೆಯಲು ಅಷ್ಟು ಸಾಕು.

ಕೆಲವರು ಮಾತ್ರ ಮುಖ ಗಂಟಿಕ್ಕಿಕೊಂಡು ಅಂಗಡಿಗೆ ಬಂದರು. ಬೇಕರಿಯ ಮುದುಕ, "ಅಲ್ಲಯ್ಯ, ಅದು ಧನ್ಯವಾದ ಹೇಳುತ್ತೆ, ಚೀಟಿ ಕೊಡಲ್ಲ. ಮೂರು ಸಲ ಧನ್ಯವಾದ ಹೇಳಿಸ್ಕೊಂಡು ಬಂದೆ, ಹೊಟ್ಟೆನೋವು ಹಾಗೇ ಇದೆ," ಎಂದ.

"ಗಮನ ಬೇಕು ಯಜಮಾನ್ರೇ, ಗಮನ," ಎಂದ ಚಾಳೀಸಪ್ಪ. ಪೋಸ್ಟರಿನಲ್ಲಿದ್ದ ಮುಖವನ್ನೇ ಮಾಡಿಕೊಂಡು ಹೇಳಿದ.

ಅಕ್ಕ ಮೂಲೆಯಲ್ಲಿ ಕಾಜಾ ಹಾಕುತ್ತ ಇದನ್ನು ಕೇಳಿಸಿಕೊಂಡಳು. ಅವಳು ಆಸ್ಪತ್ರೆಗೆ ಹೋಗಿ ಬಂದಾಗಿತ್ತು. ಏನಂದರು ಎಂದರೆ, "ಡಾಕ್ಟರು ರಜೆ," ಎಂದಿದ್ದಳು. ಇನ್ನೊಮ್ಮೆ ಹೋಗಿ ಬಂದವಳು, "ಮೀಟಿಂಗಂತೆ," ಎಂದಳು. ನಾನೂ ಬರುತ್ತೇನೆ ಎಂದರೆ, ಅಂಗಡಿ ಯಾರು ನೋಡುತ್ತಾರೆ ಎಂದು ಗದರಿದಳು. ಚಾಳೀಸಪ್ಪನಿಗೆ ಚಿಂತೆಯಾಗಿ ಒಂದು ಮಧ್ಯಾಹ್ನ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಬಲಗಣ್ಣು ಮುಚ್ಚಿಸಿ, ಓದು ಎಂದ. ಅಕ್ಕ ಮೇಲಿನಿಂದ ಕೊನೆಯ ಇರುವೆ ಸಾಲಿನವರೆಗೆ ತಡೆಯಿಲ್ಲದೆ ಓದಿದಳು.

"ಚೆನ್ನಾಗೇ ಕಾಣ್ತಿದೆಯಲ್ಲಕ್ಕ. ಸುಮ್ನೆ ಹೆದರಿಸಿದೆ," ಎಂದು ಅವನು ನಿಟ್ಟುಸಿರು ಬಿಟ್ಟ.

"ಹೂಂ ಕಣೋ. ಈಗ ಪರವಾಗಿಲ್ಲ," ಎಂದಳು ಅಕ್ಕ.

ಊರಿನ ಗಿರಾಕಿಗಳ ಕಳ್ಳತನವನ್ನೆಲ್ಲ ಹಿಡಿದ ಮನುಷ್ಯನಿಗೆ ಅಂದು ಚಾರ್ಟು ತಿರುವಬೇಕು ಎಂದು ಅನಿಸಲಿಲ್ಲ. ಆ ಸ್ಟೂಲಿನ ಮೇಲೆ ಕುಳಿತು ಅಷ್ಟು ವರ್ಷ ಅವಳು ಬೇರೇನು ಕೇಳಿದ್ದಳು? ಆ ಅಕ್ಷರಗಳನ್ನೇ.

ಗುಟ್ಟು ಒಡೆದದ್ದು ಭಾವಮೈದನಿಂದ. ಒಂದು ಭಾನುವಾರ ಊಟಕ್ಕೆ ಕುಳಿತವನು ಸುಮ್ಮನೆ ಹೇಳಿದ: "ಭಾವ, ಮೊನ್ನೆ ನಿಮ್ಮಕ್ಕ ಯಂತ್ರದ ಮುಂದೆ ನಿಂತಿದ್ರು. ನಾನು ಏಣಿ ಮೇಲಿದ್ದೆ, ಕೈಲಿದ್ದ ವೈರು ಬಿಡೋ ಹಾಗಿರ್ಲಿಲ್ಲ, ಇಳಿಯೋಷ್ಟರಲ್ಲಿ ಹೊರಟುಹೋದ್ರು. ಅದು ಧನ್ಯವಾದ ಅಂತು. ಇವರು ಚೀಟಿ ಬರುತ್ತೇನೋ ಅಂತ ತುಂಬ ಹೊತ್ತು ಕೈ ಒಡ್ಡಿ ನಿಂತ್ರು. ಆಮೇಲೆ ನಿಮ್ಮ ಫೋಟೋ ನೋಡಿ, ಸೆರಗು ಸರಿ ಮಾಡ್ಕೊಂಡು ಹೋದ್ರು."

ಚಾಳೀಸಪ್ಪ ಕೈ ತೊಳೆದ. ಅನ್ನ ಹಾಗೇ ಉಳಿಯಿತು.

ಮರುದಿನ ಅಂಗಡಿ ಮುಚ್ಚಿ ಅಕ್ಕನನ್ನು ಕರೆದುಕೊಂಡು ಹೋದ. ಯಂತ್ರದ ಮುಂದೆ ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಂಡು, ಬಾಯಿ ಬಿಡದೆ ನೋಡಿದ. ಅಕ್ಕ ಕಣ್ಣು ಎಂಬುದನ್ನು ಮುಟ್ಟಿದಳು. ನಿಂತಳು. ಅಲ್ಲಿ ಇಲ್ಲಿ ತಡವುವಾಗ ಬೆರಳು ಜಾರಿ ಪುಟ ತಾನಾಗಿ ಸರಿಯಿತು. ಹಸಿರು ಗುಂಡಿ ಬಂತು. ಒತ್ತಿದಳು. ಧನ್ಯವಾದಗಳು. ಅವಳು ತಮ್ಮನ ಕಡೆಗೂ ನೋಡಲಿಲ್ಲ, ಪೋಸ್ಟರಿನ ತಮ್ಮನ ಕಡೆಗೂ ನೋಡಲಿಲ್ಲ.

"ನನಗೆ ಬುದ್ಧಿ ಸಾಲದು ಕಣೋ," ಎಂದಳು. "ಎಲ್ಲರೆದುರು ನೀನು ಅಷ್ಟು ಸುಲಭ ಅಂತ ನಗ್ತಾ ನಿಂತಿದೀಯ. ನಿನ್ನಕ್ಕನಿಗೇ ಬರಲ್ಲ ಅಂತ ಯಾರಿಗೆ ಹೇಳ್ಲಿ?"

ಚಾಳೀಸಪ್ಪನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಮಗ್ಗಿಯಂತೆ ಒತ್ತಿ ಚೀಟಿ ತೆಗೆದುಕೊಟ್ಟ.

ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗೆ ಒತ್ತಡ ಏರಿದೆ ಎಂದರು. ಬಲಗಣ್ಣನ್ನು ಔಷಧಿ ಹಾಕಿ ಉಳಿಸಿಕೊಳ್ಳಬಹುದು. ಎಡಗಣ್ಣಿನಲ್ಲಿ ಹೋದಷ್ಟು ಹೋಯಿತು, ಅದು ವಾಪಸ್ಸು ಬರುವುದಿಲ್ಲ. "ಮೊದಲೇ ಬಂದಿದ್ರೆ ಇಷ್ಟು ಹೋಗ್ತಿರ್ಲಿಲ್ಲ. ಯಾಕಮ್ಮ ತಡ ಮಾಡಿದ್ರಿ?" ಎಂದು ಕೇಳಿದರು.

"ಕೆಲಸ ಇತ್ತು," ಎಂದಳು ಅಕ್ಕ.

ಚಾಳೀಸಪ್ಪ ಅಲ್ಲಿಂದ ಅಕ್ಕನನ್ನು ಮನೆ ಸೇರಿಸಿ ನೇರ ಕಂಪನಿಗೆ ಹೋದ. ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತು, "ಸ್ವಾಮಿ, ನನ್ನ ಫೇಲ್ ಮಾಡಿ," ಎಂದ.

ಸಾಹೇಬರಿಗೆ ಅರ್ಥವಾಗಲು ಸಮಯ ಹಿಡಿಯಿತು. ಅರ್ಥವಾದ ಮೇಲೂ ಅವರು ಒಪ್ಪಲಿಲ್ಲ. "ನಿಮ್ಮ ವಿಡಿಯೋ ನಮ್ಮ ಹತ್ರ ಇದೆ. ಒಂದು ಕಡೆಯೂ ನೀವು ತಡವರಿಸಿಲ್ಲ. ಅದನ್ನ ಆಸ್ಪತ್ರೆಯವರಿಗೆಲ್ಲ ತೋರಿಸಿದೀವಿ."

"ಬಾಯಿಪಾಠ ಸ್ವಾಮಿ. ಪಕ್ಕದ ಮನೆ ಮೇಷ್ಟ್ರು ಹೇಳಿಕೊಟ್ಟಿದ್ದು."

"ಒಂದು ಯಂತ್ರನ ಬಾಯಿಪಾಠ ಮಾಡೋಕಾಗುತ್ತೇನ್ರಿ?"

ಚಾಳೀಸಪ್ಪ ಕೋಣೆಯ ಯಂತ್ರದ ಮುಂದೆ ಹೋದ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಅಷ್ಟು ಸಾಲದೆಂಬಂತೆ ಕರ್ಚೀಫಿನಿಂದ ಕಣ್ಣು ಕಟ್ಟಿಕೊಂಡ. "ಮುಟ್ಟು," ಎಂದು ಮುಟ್ಟಿದ. "ಎಳೆ," ಎಂದು ಎಳೆದ. "ಹಸಿರು ಬಿಡು. ಬೂದು ಒತ್ತು." ಚೀಟಿ ಟರ್‍ರೆಂದು ಬಂತು. ಅವನು ಅದನ್ನು ಕುರುಡನಂತೆ ತಡವಿ ತೆಗೆದು, ಸಾಹೇಬರು ಇದ್ದಾರೆಂದು ಊಹಿಸಿದ ದಿಕ್ಕಿಗೆ ಚಾಚಿದ. ಆ ದಿಕ್ಕಿನಲ್ಲಿ, ಮಾತು ಕೇಳಿ ಒಳಗೆ ಬಂದಿದ್ದ ಹುಡುಗಿ ಇದ್ದಳು. ಅವಳೇ ಚೀಟಿ ಇಸಿದುಕೊಂಡಳು.

"ಕಣ್ಣೇ ಬೇಡ ಇದಕ್ಕೆ," ಎಂದ ಚಾಳೀಸಪ್ಪ ಕಟ್ಟು ಬಿಚ್ಚದೆ. "ಕಣ್ಣಿರೋರಿಗೇ ಆಗ್ದೆ ಇರೋದು. ತಪ್ಪು ನಂದು. ಗೊತ್ತಾಗ್ಲಿಲ್ಲ ಅಂತ ಒಂದು ಮಾತು ಹೇಳೋಕೆ ನಾಚಿಕೆ ಪಟ್ಟೆ. ನನ್ನಕ್ಕನ ಕಣ್ಣು ಹೋಯ್ತು."

ಹುಡುಗಿ ಚೀಟಿಯನ್ನು ಸಾಹೇಬರ ಮೇಜಿನ ಮೇಲಿಟ್ಟಳು. ಆಮೇಲೆ, "ಅವರನ್ನ ಕರ್ಕೊಂಡು ಬರ್ತೀರಾ ಸರ್? ಯಾರೂ ಏನೂ ಹೇಳಿಕೊಡದೆ," ಎಂದಳು. ಸಾಹೇಬರು ಬೇಡ ಎನ್ನಲಿಲ್ಲ.

ಅಕ್ಕ ಬಂದಳು. ಪರೀಕ್ಷೆ ಎಂದು ಮೂಗಿಗೆ ವಾಸನೆ ಬಡಿದಿದ್ದ ಮೇಷ್ಟ್ರೂ ಬಂದರು. ಗಾಜಿನ ಗೋಡೆಯ ಆಚೆ ನಿಂತು, ಎಳೆ ಎಳೆ ಎಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದರು. ಚಾಳೀಸಪ್ಪ ಎದ್ದು ಹೋಗಿ ಆ ಗೋಡೆಯ ಕರ್ಟನ್ನು ಎಳೆದು ಬಂದ.

ಅಕ್ಕ ಯಂತ್ರದ ಮುಂದೆ ನಿಂತು ಹಳೇ ಅಭ್ಯಾಸದಂತೆ ತಮ್ಮನ ಮುಖ ನೋಡಿದಳು.

"ಗೊತ್ತಾಗ್ದೆ ಇದ್ರೆ ಗೊತ್ತಾಗ್ತಿಲ್ಲ ಅನ್ನಕ್ಕ. ಜೋರಾಗಿ ಅನ್ನು. ಇವರು ಸಂಬಳ ತಗೊಳ್ಳೋದೇ ಅದನ್ನ ಕೇಳೋಕೆ."

"ಗೊತ್ತಾಗ್ತಿಲ್ಲ," ಎಂದಳು ಅಕ್ಕ ಸಣ್ಣ ದನಿಯಲ್ಲಿ. ಯಾರೂ ನಗಲಿಲ್ಲ. ಹುಡುಗಿ ತಲೆಯಾಡಿಸಿ ಬರೆದುಕೊಂಡಳು. ಅಕ್ಕನಿಗೆ ಧೈರ್ಯ ಬಂತು. "ಮುಂದೆ ಹೋಗೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಮುಗಿಸಿ ಅಂದ್ರೆ ನನ್ನ ಕೆಲಸ ಮುಗಿಸಿಕೊಡುತ್ತಾ, ನನ್ನನ್ನ ಆಚೆ ಕಳಿಸುತ್ತಾ, ಗೊತ್ತಾಗ್ತಿಲ್ಲ." ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಕೊನೆಗೆ ಪರದೆಯ ಕೆಳಗಿನ ಬಿಳಿ ಜಾಗದ ಮೇಲೆ ಬೆರಳಿಟ್ಟು, "ಇಲ್ಲೇನಾದ್ರೂ ಇದೆಯಾ, ಇಲ್ಲ ಕೊಳೆನಾ?" ಎಂದು ಕೇಳಿದಳು.

ಗಡ್ಡದ ಸಾಹೇಬರು ಕುರ್ಚಿಯಿಂದ ಎದ್ದು ಬಂದು, ತಮ್ಮ ಕನ್ನಡಕ ಸರಿಮಾಡಿಕೊಂಡು, ಬಗ್ಗಿ ನೋಡಿದರು.

ಯಂತ್ರಗಳು ಬದಲಾದವು. ಈಗ ದಪ್ಪಕ್ಷರದಲ್ಲಿ 'ಚೀಟಿ ಬೇಕು' ಎಂದೇ ಇದೆ, ಒತ್ತಿದರೆ ಬರುತ್ತದೆ. ಬೇಕರಿಯ ಮುದುಕನ ಹೊಟ್ಟೆನೋವಿಗೂ ಔಷಧಿ ಸಿಕ್ಕಿತು. ಪೋಸ್ಟರುಗಳನ್ನು ಭಾವಮೈದ ಕಿತ್ತು ಸುರುಳಿ ಸುತ್ತಿ ತಂದುಕೊಟ್ಟ. ಹೆಂಡತಿ ಅವನ್ನು ಬೀರುವಿನ ತಲೆಗೆ ಏರಿಸಿ, ಮನೆಗೆ ಬಂದವರಿಗೆ ಇಳಿಸಿ ತೋರಿಸುವುದನ್ನು ಬಿಟ್ಟಿಲ್ಲ. ಮೇಷ್ಟ್ರು, ಬಲೆಯೇ ಇಲ್ಲದ ಮೇಲೆ ಅದೆಂಥ ಯಂತ್ರ ಎಂದು ಬೇಸರದಲ್ಲಿದ್ದಾರೆ.

ಅಕ್ಕ ಅಂಗಡಿಯ ಮೂಲೆಗೆ ಮತ್ತೆ ಬಂದು ಕುಳಿತ ದಿನ ಚಾಳೀಸಪ್ಪ ಅವಳನ್ನು ಕುರ್ಚಿಯ ಮೇಲೆ ಕೂರಿಸಿದ. ಬಲಗಣ್ಣು ಮುಚ್ಚಿಸಿದ. ಅವಳು ಬಾಯಿ ತೆರೆಯುವ ಮುಂಚೆಯೇ ಚಾರ್ಟು ತಿರುವಿದ.

ಅಕ್ಕ ಎಡಗಣ್ಣು ಕಿರಿದು ಮಾಡಿ ಕತ್ತು ಮುಂದೆ ಚಾಚಿದಳು.

"ಕಾಣ್ತಿಲ್ಲ ಕಣೋ," ಎಂದಳು. "ಮೇಲಿನದೂ ಕಾಣ್ತಿಲ್ಲ."

ಅಕ್ಕ ಕುರ್ಚಿಯ ತೋಳು ಹಿಡಿದು, ಹತ್ತಿರ ಹೋಗಿ ನೋಡುವೆನೆಂದು ಏಳಹೊರಟಳು.

"ನೀನು ಕೂತ್ಕೋ ಅಕ್ಕ," ಎಂದ. ಮೊಳೆಯಿಂದ ಚಾರ್ಟು ಇಳಿಸಿ ಎದೆಗೆ ಹಿಡಿದುಕೊಂಡ. "ನೀನ್ಯಾಕೆ ಬರ್ತೀಯ. ಅದೇ ಬರುತ್ತೆ. ಕಂಡಾಗ ಹೇಳು."

ಹಾಗೆಂದು ಅವನು ಚಾರ್ಟು ಹಿಡಿದು, ನಿಧಾನವಾಗಿ, ಅಕ್ಕನ ಕಡೆಗೆ ನಡೆದು ಬಂದ.